ನಮ್ಮವರನ್ನು ತಡೆಯುವದು ದ್ರೋಹವೋ?

ನಮ್ಮ ಹಳ್ಳಿಗಳಿಂದ ಅನೇಕ ಯೌವನಸ್ಥರು ಕೆಲಸವನ್ನು ಹುಡುಕುತ್ತಾ ಬೆಂಗಳೂರಿನ ಹೊರವಲಯದಲ್ಲಿರುವ ಪೀಣ್ಯ, ಬೊಮ್ಮಸಂದ್ರ, ವೈಟ್‌ಫೀಲ್ಡ್ ಮುಂತಾದ ಸ್ಥಳಗಳಿಗೆ ಹೋಗಿದ್ದಾರೆ. ಅಲ್ಲಿ ಬಾಡಿಗೆಯ ಕೋಣೆಯ ಈಚೆಗೆ ಒಂದು ಭಾಷೆಯವನು, ಆಚೆಗೆ ಇನ್ನೊಂದು ಭಾಷೆಯವನು ವಾಸಿಸುತ್ತಾನೆ. ಇಂಥಾ ಸ್ಥಳದಲ್ಲಿ ಬೀದಿಜಗಳ ಹುಟ್ಟುವದಕ್ಕೆ ಬಹಳ ಹೊತ್ತು ಬೇಡ. ಆಗ ಪ್ರತಿಯೊಬ್ಬನ ಮುಂದೆ ಒಂದು ಪ್ರಶ್ನೆಯು ನಿಲ್ಲುತ್ತದೆ. ಏನಂದರೆ, ನಮ್ಮವರೇ ಕಲ್ಲನ್ನೆತ್ತಿದಾಗ ಅವರನ್ನು ತಡೆಯುವದು ನಮ್ಮ ಕರ್ತವ್ಯವೋ, ಇಲ್ಲವೆ ಅವರಿಗೆ ಮಾಡುವ ದ್ರೋಹವೋ? ಇದನ್ನು ಸ್ವಲ್ಪ ವಿಚಾರಿಸೋಣ.

2016ನೇ ಇಸವಿಯ ಏಪ್ರಿಲ್ 18, 19ರಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಕೆಲಸಗಾರರು ಬೀದಿಗಿಳಿದರು. ಅವರಲ್ಲಿ ಹೆಚ್ಚಿನವರು ಸ್ತ್ರೀಯರು. ಭವಿಷ್ಯನಿಧಿಯಲ್ಲಿ ಮಾಲೀಕನು ಕೂಡಿಸಿದ ಪಾಲನ್ನು 58 ವರುಷ ತುಂಬುವ ತನಕ ತೆಗೆಯಕೂಡದೆಂಬ ಹೊಸ ನಿಯಮವೇ ಇದಕ್ಕೆ ಕಾರಣ. ಅವರ ಬೇಡಿಕೆಯು ನ್ಯಾಯವಾದದ್ದು. ಸರಕಾರವು 19ರಂದೇ ಆ ನಿಯಮವನ್ನು ಹಿಂದೆಗೆದುಕೊಂಡಿತು. ಆದರೆ ಅಷ್ಟರೊಳಗೆ ಕಲ್ಲುಗಳು ಬಿದ್ದವು, ಬಸ್ಸು ಉರಿಯಿತು, ಎಲೆಕ್ಟ್ರಾನಿಕ್ ಸಿಟಿಯ ಬಳಿಯ ಹೆಬ್ಬಗೋಡಿಯ ಪೊಲೀಸ್ ಠಾಣೆಯ ಹತ್ತಿರ ವಾಹನಗಳು ಸುಟ್ಟುಹೋದವು. “ಕಲ್ಲು ಬಿದ್ದುದರಿಂದಲೇ ನಿಯಮ ಹೋಯಿತಲ್ಲಾ” ಎಂದು ಕೆಲವರು ಹೇಳಾರು. ಹಾಗೆಂದು ಒಪ್ಪಿದರೂ ಲೆಕ್ಕ ತೀರುವದಿಲ್ಲ. ಯಾಕಂದರೆ ಕಲ್ಲು ನಿಯಮ ಮಾಡಿದವನಿಗೆ ತಗಲುವದಿಲ್ಲ. ದಾರಿಯಲ್ಲಿ ಸಿಕ್ಕಿದವನಿಗೆ ತಗಲುತ್ತದೆ. ನಮ್ಮ ಪಕ್ಷವು ನ್ಯಾಯವಾದ ಮಾತ್ರಕ್ಕೆ ನಮ್ಮ ಕೈಯಲ್ಲಿರುವ ಕಲ್ಲು ನ್ಯಾಯವಾಗದು.

ಹಾಗಾದರೆ ತಡೆಯತಕ್ಕವರು ಯಾರು? ಪೊಲೀಸರಿದ್ದಾರಲ್ಲಾ ಎಂದು ನಾವು ಸುಲಭವಾಗಿ ಉತ್ತರ ಕೊಡುತ್ತೇವೆ. 2020ನೇ ಇಸವಿಯ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ದೇವರಜೀವನಹಳ್ಳಿ, ಕಾಡುಗೊಂಡನಹಳ್ಳಿಗಳಲ್ಲಿ ನಡೆದದ್ದನ್ನು ನೋಡಿರಿ. ಫೇಸ್‌ಬುಕ್ಕಿನಲ್ಲಿ ಪ್ರವಾದಿಯ ವಿಷಯವಾಗಿ ಬರೆದ ನಿಂದೆಯ ನಿಮಿತ್ತ ಗುಂಪು ಕೂಡಿ ಠಾಣೆಯ ಮೇಲೆ ಬಿತ್ತು. ಶಾಸಕರೊಬ್ಬರ ಮನೆ ಉರಿಯಿತು. ಪೊಲೀಸರ ಗುಂಡಿಗೆ ಮೂವರು ಸತ್ತರು. ಅದೇ ರಾತ್ರಿ ಕೆಲವು ಮುಸಲ್ಮಾನ ಯುವಕರು ಒಬ್ಬರ ಕೈಯನ್ನೊಬ್ಬರು ಹಿಡಿದು ಒಂದು ಹಿಂದೂ ದೇವಾಲಯದ ಮುಂದೆ ಸರಪಳಿಯಂತೆ ನಿಂತು ಅದನ್ನು ಕಾಪಾಡಿದರು. ಅನ್ಯನು ಬಂದು ಬುದ್ಧಿ ಹೇಳಿದ್ದರೆ ಅದು ಜಗಳಕ್ಕೆ ಇನ್ನೊಂದು ಕಾರಣವಾಗುತ್ತಿತ್ತು. ನಿಂತವರು ತಮ್ಮವರೇ ಆದದರಿಂದ ಗುಂಪು ಅವರನ್ನು ವೈರಿಗಳೆಂದು ಎಣಿಸಲಾರದೆ ಹೋಯಿತು. ಇದರಿಂದ ನಾವು ಕಲಿಯತಕ್ಕದ್ದೇನಂದರೆ, ಯಾರ ಮಾತು ಗುಂಪಿಗೆ ಕೇಳಿಸುವದೋ ಅವರ ಮೇಲೆಯೇ ಮೊದಲಿನ ಭಾರವಿದೆ. ಅಮಲಿನಲ್ಲಿ ಬಾವಿಯ ಕಡೆಗೆ ನಡೆಯುವ ತಮ್ಮನ ತೋಳನ್ನು ಹಿಡಿದ ಅಣ್ಣನನ್ನು ಮನೆಮುರುಕನೆಂದು ಯಾರೂ ಕರೆಯರು.

“ಒಬ್ಬನೇ ಅಡ್ಡ ನಿಂತರೆ ಅವನ ತಲೆಯೇ ಒಡೆಯುವದು” ಎಂಬ ಭಯವು ಸುಳ್ಳಲ್ಲ. ಆದದರಿಂದಲೇ ಈ ಕೆಲಸವನ್ನು ಒಬ್ಬನಾಗಿ ಮಾಡದೆ ಕೂಡಿ ಮಾಡಬೇಕು. ಬೆಂಕಿ ಹತ್ತುವ ಮೊದಲೇ ಮಾಡಬೇಕು. ಮುಂಬಯಿಯ ಬಳಿ ಭಿವಂಡಿ ಎಂಬ ಮಗ್ಗಗಳ ಊರುಂಟು. ಅಲ್ಲಿ 1970ರಲ್ಲಿಯೂ 1984ರಲ್ಲಿಯೂ ಘೋರವಾದ ದೊಂಬಿಗಳಾದವು. 1988ರಲ್ಲಿ ಸುರೇಶ ಖೋಪಡೆ ಎಂಬ ಪೊಲೀಸ್ ಅಧಿಕಾರಿಯು ಕೇರಿಕೇರಿಗೂ ಎರಡೂ ಮತಗಳವರ ಸಮಿತಿಗಳನ್ನು ಏರ್ಪಡಿಸಿದನು. ಅವರು ಶಾಂತಿಯ ದಿವಸಗಳಲ್ಲಿಯೇ ಕೂಡಿ ಕೂತು ಸಣ್ಣ ಸಣ್ಣ ತಂಟೆಗಳನ್ನು ತೀರಿಸುತ್ತಿದ್ದರು. 1992-93ರಲ್ಲಿ ಮುಂಬಯಿ ಹೊತ್ತಿ ಉರಿದಾಗ ಭಿವಂಡಿಯು ಶಾಂತವಾಗಿತ್ತು.

ಪರಿಚಯವಿಲ್ಲದಲ್ಲಿ ಸುಳ್ಳೇ ರಾಜ್ಯವಾಳುತ್ತದೆ. 2012ನೇ ಇಸವಿಯ ಆಗಸ್ಟಿನಲ್ಲಿ ಬರೀ ಗಾಳಿಮಾತಿಗೆ ಹೆದರಿ ಈಶಾನ್ಯ ಸೀಮೆಯ ಸಾವಿರಾರು ಕೆಲಸಗಾರರು ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. “ಹೆದರಬೇಡ, ನಾನಿದ್ದೇನೆ” ಎಂದು ನಂಬುವ ಹಾಗೆ ಹೇಳತಕ್ಕ ನೆರೆಯವನು ಅವರಲ್ಲಿ ಎಷ್ಟು ಮಂದಿಗೆ ಇದ್ದನು?

ಆದಕಾರಣ ತಂದೆತಾಯಿಗಳೇ, ಪಟ್ಟಣದಲ್ಲಿರುವ ಮಗನ ಸಂಗಡ ಫೋನಿನಲ್ಲಿ ಮಾತಾಡುವಾಗ ಊಟವನ್ನೂ ಸಂಬಳವನ್ನೂ ವಿಚಾರಿಸುವಂತೆ, ಪಕ್ಕದ ಕೋಣೆಯವನ ಹೆಸರೇನೆಂದು ಸಹ ವಿಚಾರಿಸಿರಿ. ತನ್ನ ಗೆಳೆಯರು ಕೈಯೆತ್ತುವ ದಿವಸದಲ್ಲಿ ಅವನು ಅವರ ಕೈಯನ್ನು ಹಿಡಿಯುವಂತೆ ಈಗಲೇ ಬುದ್ಧಿ ಹೇಳಿರಿ.