ಕೆಸರು ಯಾರ ಕೈಗೆ, ಮೊಸರು ಯಾರ ಬಾಯಿಗೆ

ಮದುವೆ ಮನೆಯ ಪಂಕ್ತಿಯಲ್ಲಿ ಗಾದೆಗಳು ಸಲೀಸಾಗಿ ಹೊರಬರುತ್ತವೆ. ಮಲೆನಾಡಿನ ಒಂದು ಮದುವೆಯಲ್ಲಿ ನನ್ನ ಪಕ್ಕ ಕೂತಿದ್ದ ಅಡಿಕೆ ಬೆಳೆಗಾರರು ಅನ್ನ ಕಲಸುತ್ತಲೇ ಶುರುಮಾಡಿದರು: "ಕೊನೆ ಕೊಯ್ಯೋಕೆ ಜನ ಇಲ್ಲ ಮಾರಾಯ್ರೆ. ಅಕ್ಕಿ ಪುಕ್ಕಟೆ, ಬಸ್ಸು ಪುಕ್ಕಟೆ, ಕರೆಂಟು ಪುಕ್ಕಟೆ, ಅದರ ಮೇಲೆ ತಿಂಗಳಿಗೆ ಎರಡು ಸಾವಿರ. ಇನ್ನು ಯಾರು ಬರ್ತಾರೆ ಕೆಲಸಕ್ಕೆ? ಕೈ ಕೆಸರಾದರೆ ಬಾಯಿ ಮೊಸರು ಅಂತಿದ್ರು ಹಿರಿಯರು. ಈಗ ಕೆಸರೇ ಬೇಡ, ಮೊಸರು ಮಾತ್ರ ಬೇಕು." ಎದುರಿಗಿದ್ದ ನಾಲ್ಕಾರು ತಲೆಗಳು ಹೌದು ಹೌದೆಂದು ಅಲ್ಲಾಡಿದವು. ಬಡಿಸುವ ಹುಡುಗ ಅವರ ಎಲೆಗೆ ಎರಡನೇ ಸೌಟು ಮೊಸರು ಹಾಕಿ ಮುಂದೆ ಹೋದ.

ಈ ಗಾದೆಯನ್ನು ವಿಸ್ತರಿಸಿ ಎಂದು ಶಾಲೆಯ ಪರೀಕ್ಷೆಯಲ್ಲಿ ಕೇಳುತ್ತಿದ್ದರು. ಗಾದೆಗಳು ವೇದಕ್ಕೆ ಸಮಾನ ಎಂದು ಆರಂಭಿಸಿ, ದುಡಿದರೆ ಸುಖ, ಸೋಮಾರಿಗೆ ಉಪವಾಸ ಎಂದು ಮುಗಿಸಿದರೆ ಅಂಕ ಬೀಳುತ್ತಿತ್ತು. ಆದರೆ ಗಾದೆಯಲ್ಲಿ ಸೋಮಾರಿಯ ಸುದ್ದಿಯೇ ಇಲ್ಲ. ಇರುವುದು ನಾಲ್ಕೇ ಪದ, ಭಾರವೆಲ್ಲ ಬಿದ್ದಿರುವುದು "ಆದರೆ" ಎಂಬುದರ ಮೇಲೆ. ಕೆಸರಾದರೆ ಮೊಸರು. ಇದು ಬೈಗುಳವಲ್ಲ, ಕರಾರು. ಕೈಗೆ ಕೆಸರು ಹತ್ತಿದ ಮೇಲೆ ಬಾಯಿಗೆ ಮೊಸರು ಬರಲೇಬೇಕು. ಬರಲಿಲ್ಲ ಅಂದರೆ ಮಾತಿಗೆ ತಪ್ಪಿದ್ದು ಕೈಯಲ್ಲ.

ಹಾಗಾದರೆ ತಪ್ಪಿದ್ದು ಯಾರು? ಗಾದೆ ಅದನ್ನು ಹೇಳುವುದಿಲ್ಲ, ಹೇಳುವ ಅಗತ್ಯ ಅದಕ್ಕೆ ಬಿದ್ದಿರಲಿಕ್ಕಿಲ್ಲ. ನನ್ನ ಊಹೆ, ಇದು ಸ್ವಂತ ಗದ್ದೆಯಿದ್ದವನ ಬಾಯಲ್ಲಿ ಹುಟ್ಟಿದ ಮಾತು. ಅವನದೇ ಕೈ, ಅವನದೇ ಗದ್ದೆ, ಅವನದೇ ಹಟ್ಟಿಯ ಹಸು, ಅವನದೇ ಬಾಯಿ. ಕೂಲಿಗೆ ಹೋಗುವವರ ಲೆಕ್ಕ ಬೇರೆ. ಅಲ್ಲಿ ಕೈ ಒಬ್ಬರದು, ಗದ್ದೆ ಇನ್ನೊಬ್ಬರದು, ಮೊಸರಿನ ಗಡಿಗೆ ಯಾರದೋ ನೆಲುವಿನಲ್ಲಿ.

ಇನ್ನೊಂದು ಪದ ನೋಡಿ. ಗಾದೆ ಗಂಜಿ ಎನ್ನಲಿಲ್ಲ, ಅಂಬಲಿ ಎನ್ನಲಿಲ್ಲ, ಮೊಸರು ಎಂದಿತು. ಪ್ರಾಸಕ್ಕೆ ಬಂದದ್ದಿರಬಹುದು. ಆದರೂ ಮೊಸರಾಗಬೇಕಾದರೆ ಹಾಲು ಕುಡಿದು ಮಿಗಬೇಕು, ಮಿಕ್ಕಿದ್ದಕ್ಕೆ ಹೆಪ್ಪು ಹಾಕಬೇಕು, ರಾತ್ರಿ ಕಾಯಬೇಕು. ಅಂದಿನ ಹಾಲು ಅಂದೇ ಮುಗಿಯುವ ಮನೆಯಲ್ಲಿ ಮೊಸರಿಲ್ಲ. ಅಂದರೆ ಗಾದೆ ಮಾತು ಕೊಟ್ಟದ್ದು ಬರೀ ಹೊಟ್ಟೆ ತುಂಬುವುದಕ್ಕಲ್ಲ, ನಾಳೆಗೂ ಒಂದಿಷ್ಟು ಉಳಿಯುವುದಕ್ಕೆ.

ಈಗ ಬೆಳೆಗಾರರ ದೂರಿಗೆ ಬರೋಣ. ಅದನ್ನು ಸುಮ್ಮನೆ ತಳ್ಳಿಹಾಕುವುದು ಸರಿಯಲ್ಲ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ಸಿಗುತ್ತಿಲ್ಲ ಎಂಬುದು ನಿಜ. ಮರ ಹತ್ತುವ ವಿದ್ಯೆ ಬಲ್ಲವರಿಗೆ ವಯಸ್ಸಾಗಿದೆ, ಬಿದ್ದರೆ ಸೊಂಟ ಮುರಿಯುವ ಆ ಕೆಲಸಕ್ಕೆ ಮಗನನ್ನು ಕಳಿಸಲು ಯಾವ ತಂದೆಗೂ ಮನಸ್ಸಿಲ್ಲ, ಮಗ ಬೆಂಗಳೂರಿನಲ್ಲಿದ್ದಾನೆ. ಇದಕ್ಕೆ ಅಕ್ಕಿಯನ್ನು ದೂರುವುದು ಹೇಗೆ? ಲೆಕ್ಕ ಹಾಕಿ ನೋಡಬಹುದು. 2023ರಲ್ಲಿ ಪುಕ್ಕಟೆ ಅಕ್ಕಿಯ ಅನ್ನಭಾಗ್ಯ ಯೋಜನೆಯಲ್ಲಿ ತಲೆಗೆ ಹೆಚ್ಚುವರಿ ಐದು ಕಿಲೋ ಅಕ್ಕಿ ಹೊಂದಿಸಲಾಗದೆ ರಾಜ್ಯ ಸರ್ಕಾರ ಕಿಲೋಗೆ 34 ರೂಪಾಯಿಯಂತೆ ಹಣವನ್ನೇ ಖಾತೆಗೆ ಹಾಕಿತು. ಅದೇ ದರ ಹಿಡಿದರೆ ನಾಲ್ಕು ಜನರ ಮನೆಗೆ ತಲೆಗೆ ಹತ್ತು ಕಿಲೋದಂತೆ 40 ಕಿಲೋ ಅಕ್ಕಿಯ ಬೆಲೆ 1,360 ರೂಪಾಯಿ. ಮನೆಯೊಡತಿಯ ಖಾತೆಗೆ ತಿಂಗಳಿಗೆ ಬೀಳುವ ಗೃಹಲಕ್ಷ್ಮಿಯ 2,000 ಸೇರಿಸಿ, 3,360. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ಕರ್ನಾಟಕಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ಬಂದದ್ದು ಒಂಬತ್ತು ದಿನದ ಕೂಲಿ. ತಿಂಗಳಿನ ಉಳಿದ ಇಪ್ಪತ್ತೊಂದು ದಿನ ಆ ಮನೆ ಮೈಮುರಿದು ಮಲಗಿ ಉಣ್ಣುವುದು ಹೇಗೆಂದು ಯಾರಾದರೂ ತೋರಿಸಲಿ.

ಆ ಒಂಬತ್ತು ದಿನದ ಹಣ ಮಾಡುವ ಕೆಲಸವೇ ಬೇರೆ. ಮಗುವಿಗೆ ಜ್ವರ ಬಂದ ವಾರ ಕೂಲಿ ತಪ್ಪಿಸಲು ಧೈರ್ಯ ಕೊಡುತ್ತದೆ. ಧಣಿಯ ಹತ್ತಿರ ಮುಂಗಡ ಕೇಳುವುದನ್ನು ತಪ್ಪಿಸುತ್ತದೆ. ತೀರಾ ಕಡಿಮೆ ಕೊಡುವವನಿಗೆ "ನಾಳೆ ಬರಕ್ಕಾಗಲ್ಲ" ಎನ್ನಲು ನಾಲಿಗೆ ಕೊಡುತ್ತದೆ. ಜೀತವನ್ನು ಕಾನೂನು ರದ್ದುಮಾಡಿದ್ದು 1976ರಲ್ಲಿ, ಆದರೆ ಮುಂಗಡ ತೆಗೆದುಕೊಂಡವನ ಬಾಯಿ ಮುಚ್ಚಿಯೇ ಇತ್ತು. ಆಳು ಸಿಗುವುದಿಲ್ಲ ಎಂಬ ಎಷ್ಟೋ ದೂರುಗಳ ಒಳಗಿರುವುದು, ಹಳೆಯ ದರಕ್ಕೆ ಆಳು ಸಿಗುವುದಿಲ್ಲ ಎಂಬ ಸಂಕಟ. ಅದು ನಿಜವಾದ ಸಂಕಟವೇ, ಮುಖ್ಯವಾಗಿ ಎರಡೆಕರೆ ಇಟ್ಟುಕೊಂಡು ತಾನೂ ಬಿಪಿಎಲ್ ಕಾರ್ಡು ಹಿಡಿದಿರುವ ರೈತನಿಗೆ. ಅವನ ಬೆಳೆಗೆ ಬೆಲೆ ಸಿಕ್ಕಿದ್ದರೆ ಕೂಲಿ ಕೊಡಲು ಅವನು ಹಿಂದೆಗೆಯುತ್ತಿರಲಿಲ್ಲ.

2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದಾಗಲೂ ಇದೇ ಮಾತು ಕೇಳಿಬಂದಿತ್ತು. ಆಗ ಕುಟುಂಬಕ್ಕೆ ಹೆಚ್ಚೆಂದರೆ 30 ಕಿಲೋ ಅಕ್ಕಿ, ಕಿಲೋಗೆ ಒಂದು ರೂಪಾಯಿ. ನಾಡೆಲ್ಲ ಮಲಗಿಬಿಡುತ್ತದೆ ಎಂದರು. ಆಮೇಲೆ ಬೆಂಗಳೂರಿನಲ್ಲಿ ಎದ್ದ ಮೆಟ್ರೋ ಕಂಬಗಳಿಗೆ ಸಿಮೆಂಟು ಹೊತ್ತವರು ಯಾರು, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಹೆಂಗಸರು ಯಾರು? ಆ ಹೆಂಗಸರಲ್ಲಿ ಎಷ್ಟೋ ಜನ ಈಗ ಶಕ್ತಿ ಯೋಜನೆಯ ಪುಕ್ಕಟೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಮಲಗಿದವಳಿಗೆ ಉಚಿತ ಟಿಕೆಟಿನಿಂದ ಏನು ಲಾಭ? ಅದು ಹೊಸ್ತಿಲು ದಾಟಿದವಳಿಗೆ ಮಾತ್ರ ಸಿಗುವ ಸೌಲಭ್ಯ.

ಆದರೂ ಮಾತು ನಿಂತಿಲ್ಲ, ದೊಡ್ಡ ಜಾಗಗಳಿಂದಲೇ ಬರುತ್ತಿದೆ. 2025ರ ಫೆಬ್ರುವರಿಯಲ್ಲಿ, ನಗರಗಳ ನಿರ್ವಸತಿಗರ ಆಶ್ರಯದ ಪ್ರಕರಣ ನಡೆಯುವಾಗ, ಪುಕ್ಕಟೆ ಪಡಿತರ ಮತ್ತು ಹಣದಿಂದ ಜನ ದುಡಿಯಲು ಮನಸ್ಸು ಮಾಡುತ್ತಿಲ್ಲ ಎಂದು ಸುಪ್ರೀಂ ಕೋರ್ಟಿನ ಪೀಠವೊಂದು ಹೇಳಿತು. ಅದೇ ತಿಂಗಳು ಎಲ್ ಆಂಡ್ ಟಿ ಅಧ್ಯಕ್ಷರು ಕಟ್ಟಡ ಕೆಲಸಕ್ಕೆ ಜನ ಬರುತ್ತಿಲ್ಲವೆಂದು ಕಲ್ಯಾಣ ಯೋಜನೆಗಳತ್ತ ಬೆರಳು ತೋರಿದರು. ಅದಕ್ಕೂ ಮೊದಲು, 2022ರ ಜುಲೈ 16ರಂದು ಪ್ರಧಾನಿಯವರು ಬುಂದೇಲ್‌ಖಂಡದ ಹೆದ್ದಾರಿ ಉದ್ಘಾಟಿಸುತ್ತ ರೇವಡಿ ಹಂಚುವ, ಅಂದರೆ ಬಿಟ್ಟಿ ಕೊಡುವ, ಸಂಸ್ಕೃತಿಯ ಬಗ್ಗೆ ಎಚ್ಚರಿಸಿದ್ದರು. ಅದಾದ ಎರಡೇ ದಿನಕ್ಕೆ, ಜುಲೈ 18ರಿಂದ, ಪ್ಯಾಕೆಟ್ ಮೊಸರಿಗೆ ಶೇ 5ರಷ್ಟು ಜಿಎಸ್‌ಟಿ ಬಿತ್ತು. ನಮ್ಮ ಗಾದೆಯ ಮೊಸರಿಗೇ! ತೆರಿಗೆ ಕಟ್ಟುವವರು ನಾವು, ತಿನ್ನುವವರು ಅವರು ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಕೂಲಿಯ ಹೆಂಗಸು ಸೋಪು ಕೊಂಡಾಗ, ಚಪ್ಪಲಿ ಕೊಂಡಾಗ, ಮೊಸರು ಕೊಂಡಾಗ ತೆರಿಗೆ ಕಟ್ಟಿಯೇ ಬರುತ್ತಾಳೆ. ರಾಜ್ಯ ಸರ್ಕಾರವೂ ಇಲ್ಲಿ ಸಾಚಾ ಅಲ್ಲ. ಅಕ್ಕಿ ಕೊಟ್ಟ ಕೈಯೇ 2025ರ ಏಪ್ರಿಲ್‌ನಿಂದ ನಂದಿನಿ ಹಾಲು, ಮೊಸರಿನ ಬೆಲೆಯನ್ನು 4 ರೂಪಾಯಿ ಏರಿಸಿತು. ಗೃಹಲಕ್ಷ್ಮಿಯ ಕಂತು ತಿಂಗಳುಗಟ್ಟಲೆ ತಡವಾದದ್ದೂ ಉಂಟು.

2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳಿಗೆ ಕತ್ತರಿ ಬಿದ್ದಾಗ ಈ ಚರ್ಚೆ ಮನೆಮನೆಗೆ ಬಂತು. ಅನರ್ಹರನ್ನು ತೆಗೆಯುತ್ತೇವೆ ಎಂದರು. ಅನರ್ಹರು ಇಲ್ಲವೆಂದಲ್ಲ, ಮನೆ ಮುಂದೆ ಕಾರು ನಿಲ್ಲಿಸಿಕೊಂಡು ಬಿಪಿಎಲ್ ಕಾರ್ಡು ಇಟ್ಟುಕೊಂಡವರನ್ನು ಎಲ್ಲ ಊರಿನವರೂ ಬಲ್ಲರು. ಆದರೆ ಗಲಾಟೆಯಾಗಿ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರ ಹೊರತು ಉಳಿದವರ ಕಾರ್ಡನ್ನು ರದ್ದು ಮಾಡುವುದಿಲ್ಲ ಎಂದು ಮುಖ್ಯಮಂತ್ರಿಯೇ ಹೇಳಬೇಕಾಯಿತು. ಜರಡಿಯ ತೂತೇ ತಪ್ಪಾಗಿತ್ತು. ಬಿಪಿಎಲ್ ಕಾರ್ಡಿಗೆ ಕುಟುಂಬದ ಆದಾಯ ವರ್ಷಕ್ಕೆ 1.20 ಲಕ್ಷ ಮೀರಬಾರದು. ತಿಂಗಳಿಗೆ 10,000. ಖಾತ್ರಿಯ 370 ರೂಪಾಯಿಯಂತೆ ಒಬ್ಬ ತಿಂಗಳಿಗೆ 26 ದಿನ ದುಡಿದರೆ 9,620. ಅವನ ಹೆಂಡತಿ ಎರಡು ದಿನ ಕಳೆ ಕೀಳಲು ಹೋದರೆ ಮಿತಿ ದಾಟಿತು. ಎರಡು ಜೊತೆ ಕೈ ಕೆಸರಾದರೆ ಮನೆಯ ಅಕ್ಕಿ ಹೋಗುತ್ತದೆ ಎಂಬ ನಿಯಮ ಇದು. ದುಡಿಯಬೇಡ ಎಂದು ಹೇಳುತ್ತಿರುವುದು ಅಕ್ಕಿಯೋ, ಈ ಮಿತಿಯೋ?

ಇದರ ಪಕ್ಕಕ್ಕೆ ಇನ್ನೊಂದು ಸಂಖ್ಯೆ ಇಟ್ಟುಕೊಳ್ಳಿ. 2025ರ ಕೇಂದ್ರ ಬಜೆಟ್ಟಿನಲ್ಲಿ ಹೊಸ ಪದ್ಧತಿಯಡಿ ವರ್ಷಕ್ಕೆ 12 ಲಕ್ಷದವರೆಗೆ ಗಳಿಸುವವರಿಗೆ ಆದಾಯ ತೆರಿಗೆ ಇಲ್ಲವಾಯಿತು. ಸರ್ಕಾರ ಇದರಿಂದ ಬಿಟ್ಟುಕೊಟ್ಟ ನೇರ ತೆರಿಗೆ ಸುಮಾರು ಒಂದು ಲಕ್ಷ ಕೋಟಿ ರೂಪಾಯಿ. 12 ಲಕ್ಷ ಒಬ್ಬನ ಗಳಿಕೆ, 1.20 ಲಕ್ಷ ಇಡೀ ಮನೆಯದು. ಆ 12 ಲಕ್ಷದವನು ಸೋಮಾರಿಯಾಗಿಬಿಟ್ಟಾನು ಎಂದು ಯಾರೂ ಚಿಂತಿಸಲಿಲ್ಲ. ನನಗೂ ಆ ರಿಯಾಯಿತಿ ಸಿಕ್ಕಿದೆ, ಅದನ್ನು ಬಿಟ್ಟಿ ಎಂದು ಯಾರಾದರೂ ಕರೆದರೆ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟು ಪಡಿತರ ಅಂಗಡಿಯ ಮುಂದೆ ಚೀಲ ಹಿಡಿದು ನಿಂತವರಿಗೂ ಬರುತ್ತದೆಂದು ಒಪ್ಪಿಕೊಂಡರೆ ಸಾಕು.

ಗಾದೆ ಮರೆತ ಕೈಗಳೂ ಇವೆ. ಗಂಜಲ ಬಳಿಯುವ, ಅಕ್ಕಿ ತೊಳೆಯುವ, ಹಾಸಿಗೆ ಹಿಡಿದ ಅತ್ತೆಯನ್ನು ಎತ್ತಿ ಕೂರಿಸುವ ಕೈಗೆ ಅಂಟಿದ್ದನ್ನು ಯಾರೂ ಕೆಸರೆಂದು ಎಣಿಸಲಿಲ್ಲ, ಅದಕ್ಕೆ ಕೂಲಿಯನ್ನೂ ಹೇಳಲಿಲ್ಲ. ಎರಡು ಸಾವಿರ ಅವಳ ಹೆಸರಿನ ಖಾತೆಗೆ ಬಿದ್ದಾಗಷ್ಟೇ ಅದು ಖರ್ಚೆಂದು ಎಲ್ಲರ ಕಣ್ಣಿಗೆ ಬಿತ್ತು.

ಅನರ್ಹರನ್ನು ತೆಗೆಯಲಿ, ತಕರಾರಿಲ್ಲ. ಮೊದಲು ಆ 1.20 ಲಕ್ಷದ ಗೆರೆಯನ್ನು, ಗಂಡ ಹೆಂಡತಿ ಇಬ್ಬರೂ ಕನಿಷ್ಠ ಕೂಲಿಗೆ ವರ್ಷವಿಡೀ ದುಡಿದರೆ ಎಷ್ಟಾಗುತ್ತದೋ ಅಷ್ಟಕ್ಕೆ ಏರಿಸಲಿ, ಆಮೇಲೆ ಕತ್ತರಿ ಹಿಡಿಯಲಿ. ಅಲ್ಲಿಯವರೆಗೆ ಅರ್ಹತೆ ತೋರಿಸಲು ತಾಲ್ಲೂಕು ಕಚೇರಿಯ ಸಾಲಿನಲ್ಲಿ ನಿಲ್ಲುವ ಪ್ರತಿಯೊಬ್ಬರಿಗೂ ಒಂದು ದಿನದ ಕೂಲಿ ಖೋತಾ.