ಎತ್ತ ಹೋಗೋಣ?

ನಮ್ಮ ಮದುವೆಯಾಗಿ ಇಪ್ಪತ್ತು ವರ್ಷ ತುಂಬುವಾಗ ಒಮ್ಮೆ ಪರದೇಶ ನೋಡಿ ಬರಬೇಕೆಂದು ನಾನೂ ನನ್ನ ಹೆಂಡತಿಯೂ ನಿಶ್ಚಯಿಸಿದೆವು. ಐದು ದಿನ, ಹೆಚ್ಚೆಂದರೆ ಆರು. ಬ್ಯಾಂಕಿನ ಗುಮಾಸ್ತನ ಪಗಾರದಲ್ಲಿ ಕೂಡಿಟ್ಟದ್ದು ಒಂದೂವರೆ ಲಕ್ಷದ ಮೇಲೆ ಸ್ವಲ್ಪ. ಹೋದ ವರ್ಷ ಮಿರಜಿನ ಒಂದು ಆಸ್ಪತ್ರೆಯಲ್ಲಿ ಅವಳಿಗೆ ಶಸ್ತ್ರಚಿಕಿತ್ಸೆಯಾಗಿತ್ತು. 'ಈಗ ಎಲ್ಲ ಸರಿಯಿದೆ, ಎಲ್ಲಾದರೂ ಸಾವಕಾಶ ಹೋಗಿ ಬನ್ನಿ' ಎಂದು ಡಾಕ್ಟರು ಹೇಳಿದ್ದರು. ಇನ್ನು ಉಳಿದದ್ದು 'ಎತ್ತ ಹೋಗೋಣ' ಎಂಬ ಒಂದೇ ಪ್ರಶ್ನೆ. ಇದು ಒಂದು ಸಂಜೆ ಚಹಾ ಕುಡಿಯುತ್ತ ಮುಗಿಸುವ ಮಾತು ಎಂದುಕೊಂಡಿದ್ದೆ. ನಾಲ್ಕು ತಿಂಗಳು ಹಿಡಿಯಿತು.

ಕಾಸರಗೋಡಿನ ಓದುಗರ ಮುಂದೆ ಸಾಂಗ್ಲಿಯವನೊಬ್ಬನ ಮನೆಯ ಮಾತು ಏಕೆ ಎಂದು ಕೇಳಬಹುದು. 1967ರ ಮಹಾಜನ ವರದಿಯಲ್ಲಿ ನಿಮ್ಮ ಊರಿನ ಹೆಸರೂ ಇದೆ, ನಾನು ಹುಟ್ಟಿದ ಜತ್ತ ತಾಲೂಕಿನ ಹೆಸರೂ ಇದೆ. ಗಡಿಯ ಮೇಲೆ ಬಾಳುವವರಿಗೆ 'ಪರ' ಎಂಬ ಶಬ್ದದ ಬಗ್ಗೆ ಉಳಿದವರಿಗಿಂತ ಹೆಚ್ಚು ತಿಳಿದಿರುತ್ತದೆ, ಅಥವಾ ಹೆಚ್ಚು ಗೊಂದಲವಿರುತ್ತದೆ.

ಸಾಂಗ್ಲಿಯಿಂದ ಮಿರಜಿಗೆ ಹತ್ತು ಕಿಲೋಮೀಟರು. ನಾನು ದಿನಾಲು ಹೋಗಿ ಬರುವ ದಾರಿ. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ಇವೆರಡೂ ಪಟವರ್ಧನ ಮನೆತನದ ಬೇರೆ ಬೇರೆ ರಾಜ್ಯಗಳು. ನನ್ನ ಅಜ್ಜನ ಕಾಲದಲ್ಲಿ ಹತ್ತು ಕಿಲೋಮೀಟರು ನಡೆದವನು ಇನ್ನೊಬ್ಬ ಅರಸನ ನೆಲದಲ್ಲಿರುತ್ತಿದ್ದ. ಅದೇ ಮಿರಜಿನ ದರ್ಗಾದ ಆವರಣದಲ್ಲಿ ಮಲಗಿರುವ ಉಸ್ತಾದ್ ಅಬ್ದುಲ್ ಕರೀಂ ಖಾನರು 1937ರ ಅಕ್ಟೋಬರಿನಲ್ಲಿ ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದರು. ಆಗ ಅದು ಫ್ರೆಂಚರ ನೆಲ. ರೈಲಿನಲ್ಲಿ ಕುಳಿತು ಹೋಗಬಹುದಾದ ಪರದೇಶ. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಎದೆ ನೋವೆಂದು ಇಳಿದರು, ಅಲ್ಲಿಯೇ ತೀರಿಕೊಂಡರು. ಇಂದು ನೇಪಾಳಕ್ಕೆ ಹೋಗಲು ನಮಗೆ ಪಾಸ್‌ಪೋರ್ಟ್ ಬೇಡ, ಮತದಾರರ ಚೀಟಿ ಸಾಕು. ಹಾಗಾದರೆ ಅದು ಪರದೇಶವೇ? ನನ್ನ ಮಗ 'ಅಲ್ಲ' ಎಂದ. ಪಾಸ್‌ಪೋರ್ಟಿನ ಮೇಲೆ ಮುದ್ರೆ ಬೀಳದಿದ್ದರೆ ಅದು ಹೋದಂತೆಯೇ ಅಲ್ಲವಂತೆ.

ಆದರೆ ನನ್ನನ್ನು ಕಾಡಿದ್ದು ದೇಶದ ವ್ಯಾಖ್ಯೆಯಲ್ಲ. ಸುಮ್ಮನೆ, ವಿಶ್ರಾಂತಿಗಾಗಿ, ದೂರ ಹೋಗುವ ರೂಢಿ ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ. ನಮ್ಮವರು ಪಂಢರಪುರಕ್ಕೆ ಹೋದರು, ಬರ ಬಿದ್ದಾಗ ಕೂಲಿಗೆ ಹೋದರು. ಹೊಟ್ಟೆಗಾಗಿ ಹೊರಡುವುದು ನಿಮಗೂ ಹೊಸದಲ್ಲ. ನಿಮ್ಮ ಕಡೆ ಗಲ್ಫಿಗೆ ಹೋದವರಿಲ್ಲದ ಓಣಿ ಇರಲಿಕ್ಕಿಲ್ಲ. ಅವರಲ್ಲಿ ಯಾರೂ ಭೂಪಟ ಹರಡಿಕೊಂಡು 'ದುಬೈ ಚೆಂದವೋ ಮಸ್ಕತ್ ಚೆಂದವೋ' ಎಂದು ಆರಿಸಿದವರಲ್ಲ. ವೀಸಾ ಎಲ್ಲಿಂದ ಬಂತೋ ಅಲ್ಲಿಗೆ ಹೋದರು. ನಮ್ಮ ಜಿಲ್ಲೆಯ ವಿಟಾ, ಖಾನಾಪುರ ಕಡೆಯ ಗಲಾಯಿಯವರು ಕೇರಳದ ಚಿನ್ನದ ಪೇಟೆಗಳಲ್ಲಿ ಚಿನ್ನ ಕರಗಿಸುತ್ತ ಮಲಯಾಳ ಕಲಿತರು. ಅವರೂ ಕೇರಳದ ಸೊಬಗು ನೋಡಲು ಬಂದವರಲ್ಲ. ಇನ್ನೂ ಹಿಂದೆ, 1842ರಲ್ಲಿ, ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗ್ಲಿಯ ದರಬಾರಿಗೆ ಬಂದು ಯಕ್ಷಗಾನ ಆಡಿತು. ಅದನ್ನು ಕಂಡ ಅರಸ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲಿಯೂ ಇಂಥದೊಂದು ಆಗಲಿ ಎಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದ ಎಣಿಸುತ್ತದೆ. (ಇಲ್ಲಿಯ ನಾಟ್ಯಪ್ರೇಮಿಗಳಿಗೆ ಇದನ್ನು ನೆನಪಿಸಿದರೆ ಒಪ್ಪುತ್ತಾರೆ, ಆದರೆ ತುಸು ತಡವಾಗಿ.) ಆ ಮೇಳದವರೂ ಘಟ್ಟ ಹತ್ತಿದ್ದು ಸಂಭಾವನೆಗಾಗಿಯೇ ಇರಬೇಕು.

ಹೀಗೆ ನಮ್ಮ ಹಿರಿಯರು ಊರನ್ನು ಆರಿಸಲಿಲ್ಲ, ಊರು ಅವರನ್ನು ಆರಿಸಿತು. ಆರಿಸುವ ಸ್ವಾತಂತ್ರ್ಯ ಮೊದಲ ಬಾರಿಗೆ ಕೈಗೆ ಬಂದವನು ಅದನ್ನು ಹೇಗೆ ಬಳಸುತ್ತಾನೆ? ನಾನು ಬಳಸಿದ ರೀತಿಯನ್ನು ಸಂಕೋಚದಿಂದಲೇ ಹೇಳುತ್ತೇನೆ. ಲೆಡ್ಜರಿನ ಹಾಗೆ ಒಂದು ಹಾಳೆಯಲ್ಲಿ ಗೆರೆ ಎಳೆದೆ. ಯುರೋಪು: ದುಡ್ಡು ಸಾಲದು, ಆರು ದಿನಗಳಲ್ಲಿ ಹೋಗಿ ಬರುವುದರಲ್ಲೇ ಎರಡು ದಿನ ಹೋಗುತ್ತವೆ. ಶ್ರೀಲಂಕಾ: ಅಗ್ಗ, ಹತ್ತಿರ, ಆದರೆ 'ಅಷ್ಟೇನಾ' ಎಂದು ಜನ ಕೇಳುತ್ತಾರೆ. ಥಾಯ್ಲೆಂಡ್, ಮಲೇಶಿಯಾ, ಸಿಂಗಪುರ: ಒಂದೇ ಖರ್ಚಿನಲ್ಲಿ ಮೂರು ದೇಶ. ತಲಾ ದೇಶಕ್ಕೆ ಇಷ್ಟು ರೂಪಾಯಿ ಎಂದು ಭಾಗಾಕಾರ ಮಾಡಿ ಕೆಳಗೆ ಎರಡು ಗೆರೆ ಹೊಡೆದೆ.

ನಮ್ಮ ವೃತ್ತಿಯವರಿಗೆ ಈ ಚಾಳಿ ಹಳೆಯದು. ರಜೆ ಪ್ರವಾಸದ ಭತ್ಯೆ ನಮಗೆ ಸಿಗುವುದು ದೇಶದೊಳಗಿನ ಊರಿಗೆ ಮಾತ್ರ. ಕೆಲವು ಬ್ಯಾಂಕ್ ನೌಕರರು ಮಧುರೆಯಂಥ ಊರನ್ನು ಕಾಗದದಲ್ಲಿ ಬರೆದು, ಕೊಲಂಬೊ, ಕೌಲಾಲಂಪುರ, ಸಿಂಗಪುರ ಸುತ್ತಿ ಮರಳಿದ್ದರು. ಈ ಭತ್ಯೆಗೆ ತೆರಿಗೆ ವಿನಾಯಿತಿ ಇಲ್ಲ, ಪ್ರವಾಸವೆಂದರೆ ಭಾರತದೊಳಗೆ ಹತ್ತಿರದ ದಾರಿಯಲ್ಲಿ ಎಂದು ಸರ್ವೋಚ್ಚ ನ್ಯಾಯಾಲಯ 2022ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು. ನಮ್ಮ ಶಾಖೆಯಲ್ಲಿ ಆ ಸುದ್ದಿ ಓದಿ ನಕ್ಕವರಲ್ಲಿ ನಾನೂ ಒಬ್ಬ. ಅವರು ಸರಕಾರಕ್ಕೆ ತೋರಿಸಿದ ಲೆಕ್ಕ ಬೇರೆ, ಮನಸ್ಸಿನ ಲೆಕ್ಕ ಬೇರೆ. ನಾನು ನನ್ನ ಹೆಂಡತಿಗೆ ತೋರಿಸಿದ ಹಾಳೆಯೂ ಅಂಥದ್ದೇ ಎಂದು ಆಗ ಹೊಳೆಯಲಿಲ್ಲ. ಮೇಲೆ 'ಅವಳ ವಿಶ್ರಾಂತಿಗಾಗಿ' ಎಂದು ಬರೆದಿತ್ತು, ಒಳಗಿದ್ದ ಮೂರು ದೇಶಗಳು ನನ್ನವು.

ಅವಳು ಹಾಳೆ ನೋಡಿದಳು. 'ನೀವ್ ಹೇಳಿದಲ್ಲಿ ಹೋಗೂಣು' ಎಂದಳು. ನಾನು ಇದನ್ನು ಒಪ್ಪಿಗೆ ಎಂದು ತಿಳಿದೆ. ಇಪ್ಪತ್ತು ವರ್ಷ ಹೀಗೆಯೇ ತಿಳಿದಿದ್ದೇನೆ.

ಇಲ್ಲಿ ನನ್ನ ಪ್ರಶ್ನೆ. ಒಬ್ಬರ ಒಳಿತಿಗಾಗಿ ಇನ್ನೊಬ್ಬರು ಆರಿಸುವುದು ಪ್ರೀತಿಯೇ ಅಥವಾ ಅಧಿಕಾರದ ಮೃದುವಾದ ರೂಪವೇ? ಎರಡೂ ಇರಬಹುದು ಎಂದು ಹೇಳಿ ಜಾರಿಕೊಳ್ಳುವುದು ಸುಲಭ. ಒಂದು ಪರೀಕ್ಷೆ ನನಗೆ ತೋರಿದ್ದು ಇದು: ನಾನು ಆರಿಸಿದ್ದು ಅವಳಿಗೆ ಒಗ್ಗದಿದ್ದರೆ ನನಗೆ ದುಃಖವಾಗುತ್ತದೆಯೋ, ಸಿಟ್ಟು ಬರುತ್ತದೆಯೋ? ನನಗೆ ಸಿಟ್ಟು ಬಂತು. ಹೇಗೆಂದರೆ, ಒಂದು ವಾರದ ಮೇಲೆ ಪ್ರವಾಸಿ ಏಜೆಂಟನ ಕಾಗದ ತಂದು, ಗುಂಪಿನ ಸಂಗಡ ಅಡಿಗೆಯವನೂ ಬರುತ್ತಾನೆ, ಅಲ್ಲಿಯೂ ವರಣ-ಭಾತ ಸಿಗುತ್ತದೆ ಎಂದು ಹೇಳಿದೆ. ಅವಳು ಸುಮ್ಮನಿದ್ದು ಆಮೇಲೆ ಹೇಳಿದಳು: 'ದಿನಾ ಐದಕ್ಕ ಎದ್ದು ಬ್ಯಾಗ ಕಟ್ಟೂದು, ಬಸ್ಸಿಗೆ ಓಡೂದು. ಅಲ್ಲೀನೂ ಮೂವತ್ತ ಮಂದಿ ನಡುವ ನಾ ಕಾನಡಿ ಬಾಯಿ. ಅದ ಇಲ್ಲೇ ಐತೆಲ್ಲ.' ನಾನು 'ಮತ್ತೆ ಮೊದಲೇ ಯಾಕೆ ಹೇಳಲಿಲ್ಲ' ಎಂದು ಕೂಗಿದೆ. 'ನೀವ್ ಯಾವಾಗ ಕೇಳಿದ್ರಿ? ಹಾಳಿ ತೋರಿಸಿದ್ರಿ' ಎಂದಳು.

'ಕಾನಡಿ ಬಾಯಿ' ಎಂದು ನೆರೆಯವರು ಕರೆಯುವುದರಲ್ಲಿ ಕೆಡುಕಿಲ್ಲ. ಅರಿಶಿನ ಕುಂಕುಮಕ್ಕೆ ಮೊದಲು ಕರೆಯುವುದೂ ಅವರೇ. ಆದರೆ ಅಥಣಿಯಿಂದ ಬಂದ ಇವಳು ಇಪ್ಪತ್ತು ವರ್ಷ ಪ್ರತಿ ವಾಕ್ಯವನ್ನೂ ಬಾಯಿಗೆ ಬರುವ ಮೊದಲು ಒಮ್ಮೆ ಮರಾಠಿಗೆ ತಿರುಗಿಸಿದ್ದಾಳೆ. ನಿಮ್ಮಲ್ಲಿ ಕಚೇರಿಯ ಅರ್ಜಿ ಹಿಡಿದು ಮಲಯಾಳದ ಮುಂದೆ ನಿಂತವರಿಗೆ ಈ ದಣಿವು ಗೊತ್ತು. ಅದು ಮೈ ದಣಿವಲ್ಲ, ಡಾಕ್ಟರರ ಚೀಟಿಯಲ್ಲಿ ಅದಕ್ಕೆ ಹೆಸರಿಲ್ಲ. ಯಾರಿಗೂ ಉತ್ತರ ಕೊಡಬೇಕಿಲ್ಲದ ಊರು ಅವಳಿಗೆ ಬೇಕಿತ್ತು. ನನಗೆ ಬೇಕಿದ್ದದ್ದು ಮರಳಿ ಬಂದು ಉತ್ತರ ಕೊಡಬಹುದಾದ ಊರು.

ಇನ್ನೊಂದು ಮಾತು ಹೇಳದೆ ಹೋದರೆ ಅಪ್ರಾಮಾಣಿಕತೆಯಾದೀತು. 2019ರ ಆಗಸ್ಟಿನ ಮಹಾಪೂರದಲ್ಲಿ ಸಾಂಗ್ಲಿಯ ಐರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ಮುಟ್ಟಿದಾಗ ನಾವು ಎಂಟು ದಿನ ಮಿರಜಿನ ಬಂಧುಗಳ ಮನೆಯಲ್ಲಿದ್ದೆವು. ಯೋಚಿಸಿದರೆ, ಮದುವೆಯಾದ ಮೇಲೆ ನಾವಿಬ್ಬರೂ ಕೂಡಿ ಇನ್ನೊಂದು ಊರಲ್ಲಿ ತಂಗಿದ ಅತಿ ದೀರ್ಘ ಅವಧಿ ಅದೇ. ಅಲ್ಲಿಯೂ ಅವಳು ಹದಿನಾಲ್ಕು ಜನರಿಗೆ ರೊಟ್ಟಿ ಬಡಿದಳು. ನಮ್ಮ ಮನೆಗೆಲಸದ ಹೆಂಗಸಿನ ಗೋಡೆ ಆ ನೀರಿಗೆ ಬಿದ್ದದ್ದು ಇನ್ನೂ ಪೂರ್ತಿ ಎದ್ದಿಲ್ಲ. ಒಂದೂವರೆ ಲಕ್ಷವನ್ನು ಐದು ದಿನಕ್ಕೆ ಸುರಿಯುವುದು ಸರಿಯೇ ಎಂದು ನಾನು ಹೆಂಡತಿಯನ್ನು ಕೇಳಿದೆ. ಈ ಪ್ರಶ್ನೆ ನನಗೆ ಮೂರು ದೇಶದ ಲೆಕ್ಕ ಹಾಕುವಾಗ ಬರಲಿಲ್ಲ, ಆರಿಸುವ ಸರದಿ ಅವಳದಾದ ಮೇಲೆ ಬಂತು ಎಂಬುದನ್ನು ಗಮನಿಸಿ. ಅವಳು ಗಮನಿಸಿದಳು. ಆ ಗೋಡೆಗೆ ಇಟ್ಟಂಗಿ ಕೊಡಿಸುವುದಿದ್ದರೆ ಪಗಾರದಿಂದ ಕೊಡಿಸಿರಿ, ನನ್ನ ಐದು ದಿನದಿಂದ ಅಲ್ಲ ಎಂದಳು. ಆ ತಿಂಗಳೇ ಕೊಡಿಸಿದೆವು.

ಕೊನೆಗೆ ನಿಶ್ಚಯವಾದದ್ದು ಶ್ರೀಲಂಕಾ. ಅದೂ ಇಡೀ ದ್ವೀಪ ಸುತ್ತುವುದಿಲ್ಲ. ಕೊಲಂಬೊದಲ್ಲಿ ಇಳಿದು ನೇರವಾಗಿ ಕ್ಯಾಂಡಿ, ಐದೂ ರಾತ್ರಿ ಒಂದೇ ಕೋಣೆ. ಊರ ನಡುವೆ ಕೆರೆ, ದಂಡೆಗೆ ಬುದ್ಧನ ದಂತದ ದೇವಾಲಯ, ತುಸು ದೂರದ ಪೇರಾದೆನಿಯದಲ್ಲಿ ದೊಡ್ಡ ಸಸ್ಯೋದ್ಯಾನ. ಕೆರೆ ಕಟ್ಟಿಸಿದವನು ಅಲ್ಲಿಯ ಕೊನೆಯ ಅರಸ ಶ್ರೀವಿಕ್ರಮ ರಾಜಸಿಂಹ. ದಕ್ಷಿಣ ಭಾರತದಿಂದ ಹೋದ ನಾಯಕ್ಕರ್ ಮನೆತನದವನು. ಇಂಗ್ಲಿಷರು ಅವನನ್ನು ಹಿಡಿದು ವೆಲ್ಲೂರಿಗೆ ಕಳಿಸಿದರು, 1832ರಲ್ಲಿ ಅಲ್ಲಿಯೇ ಸತ್ತ. ಅವನಿಗೆ ಯಾವುದು ಪರದೇಶವಾಗಿತ್ತೋ! ಇದನ್ನೆಲ್ಲ ಓದಿ ಹೇಳಿದರೆ ಅವಳು ಅರ್ಧ ಕೇಳಿ, ಕೆರೆಯ ಸುತ್ತ ಕೂಡಲು ಕಟ್ಟೆ ಇದೆಯೇ ಎಂದಳು. ಗಡಿಯಾರ ತಿರುವಬೇಕೇ ಎಂದಳು. ಬೇಡ, ಅವರ ವೇಳೆಯೂ ನಮ್ಮ ವೇಳೆಯೂ ಒಂದೇ.

ಪಾಸ್‌ಪೋರ್ಟ್ ಹೋದ ವಾರ ಅಂಚೆಯಲ್ಲಿ ಬಂತು. ಅವಳು ಅದರ ಹುಟ್ಟೂರಿನ ಸಾಲಿನಲ್ಲಿ 'ಅಥಣಿ' ಎಂದಿರುವುದನ್ನು ಎರಡು ಸಲ ನೋಡಿ, ಖಾಲಿ ಪುಟ ತಿರುವಿ, 'ಇಷ್ಟ ಹಾಳಿ ಯಾಕ್ರಿ?' ಎಂದು ಕೇಳಿದಳು. ಮೂವತ್ತಾರು ಪುಟ, ಹತ್ತು ವರ್ಷ ಎಂದು ನಾನು ಬಾಯಲ್ಲಿ ಹೇಳಿದೆ. ಮನಸ್ಸಿನಲ್ಲಿ ಆಗಲೇ ಭಾಗಾಕಾರ ನಡೆದಿತ್ತು.