ಸಂಶಯದ ಧರ್ಮ

ಬೈಂದೂರಿನಿಂದ ಬ್ರಹ್ಮಾವರದವರೆಗಿನ ನಮ್ಮ ಸೀಮೆಯಲ್ಲಿ ಮನೆಯವರೊಬ್ಬರಿಗೆ ದೊಡ್ಡ ಶಸ್ತ್ರಚಿಕಿತ್ಸೆಯಾಗಬೇಕೆಂದಾಗ, ಮಣಿಪಾಲಕ್ಕೆ ಹೊರಡುವ ಮುನ್ನ ಕೊಲ್ಲೂರಮ್ಮನಿಗೋ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನಿಗೋ ಹರಕೆ ಹೊರುವುದು ವಾಡಿಕೆ. ರೋಗಿಯು ಬದುಕಿ ಬಂದನೆಂದರೆ ದೇವರೂ ಕಣ್ತೆರೆದ, ಡಾಕ್ಟರ ಕೈಗುಣವೂ ಒಳ್ಳೆಯದಾಯಿತು. ಇವೆರಡೂ ಇಲ್ಲದಿದ್ದರೂ ಆತನು ಬದುಕುತ್ತಿದ್ದನೇ ಎಂದು ಆ ಹೊತ್ತಿನಲ್ಲಿ ಕೇಳಿದವನು ಅವಿನಯಿಯೆನಿಸಿಕೊಂಡಾನು. ಆದರೆ ಹಾಗೆ ಕೇಳುವುದನ್ನೇ ಕರ್ತವ್ಯವೆಂದು ಕೈಗೊಂಡ ವೈದ್ಯರಿದ್ದಾರೆ; ಒಂದು ಅರ್ಬುದರೋಗದ ಚಿಕಿತ್ಸೆಯಲ್ಲಿ ಅವರು ಹಾಗೆ ಕೇಳಿದ ಪರಿಯಿದು.

ಶ್ವಾಸಕೋಶದ ಹೊರಪೊರೆಗೆ ತಗಲುವ ಮೀಸೋಥೀಲಿಯೋಮಾ ಎಂಬ ಅಪರೂಪದ ಅರ್ಬುದರೋಗಕ್ಕೆ ಮುಖ್ಯ ಕಾರಣ ಕಲ್ನಾರು. ನಮ್ಮ ಹಟ್ಟಿಗಳ ಮಾಡಿನಲ್ಲಿ ಹಂಚಿನ ಜಾಗಕ್ಕೆ ಬಂದಿರುವ ಸಿಮೆಂಟು ಶೀಟುಗಳಲ್ಲಿ ಬೆರೆತ ನಾರೂ ಅದೇ. ಶೀಟು ಕೊಯ್ಯುವಾಗ ಏಳುವ, ಕೆಲಸಗಾರನು ಮುಂಡಾಸಿನ ತುದಿಯಿಂದ ಒರಸಿಕೊಂಡು ಮರೆತುಬಿಡುವ ಆ ಬಿಳಿಯ ಧೂಳು, ಇಪ್ಪತ್ತು ನಲವತ್ತು ವರ್ಷಗಳ ಮೇಲೆ ಫಲ ಕೊಡಬಲ್ಲದು.

ಈ ರೋಗದಲ್ಲಿ ಎದೆಯನ್ನು ತೆರೆದು ಪೊರೆಯನ್ನೆಲ್ಲ ಸುಲಿದು ತೆಗೆದರೆ ಆಯುಸ್ಸು ಹೆಚ್ಚುವುದೆಂದು ನುರಿತ ಶಸ್ತ್ರವೈದ್ಯರು ಬಹುಕಾಲ ನಂಬಿದ್ದರು. ಅವರ ಕೈಯಲ್ಲಿ ಹಲವರು ದೀರ್ಘಕಾಲ ಬದುಕಿದ್ದೂ ಸುಳ್ಳಲ್ಲ. ಆದರೆ ಶಸ್ತ್ರವನ್ನು ತಾಳಿಕೊಳ್ಳಬಲ್ಲ ಗಟ್ಟಿ ದೇಹದವರನ್ನೇ ಆರಿಸಿಕೊಂಡಿದ್ದುದರಿಂದ, ಉಳಿಸಿದುದು ಶಸ್ತ್ರವೋ ಆ ದೇಹವೋ, ಎಲ್ಲವೂ ಕಾಕತಾಲೀಯವೋ ಎಂಬುದು ತಿಳಿಯುವಂತಿರಲಿಲ್ಲ. ಬ್ರಿಟನ್ನಿನಲ್ಲಿ ‘ಮಾರ್ಸ್’ ಎಂಬ ಮೊದಲ ಪರೀಕ್ಷೆಯು 50 ಮಂದಿಯಲ್ಲಿ ನಡೆದು, ಶ್ವಾಸಕೋಶವನ್ನೇ ತೆಗೆಯುವ ಉಗ್ರ ಚಿಕಿತ್ಸೆಯ ವಿಷಯದಲ್ಲಿ 2011ರಲ್ಲಿ ಪ್ರತಿಕೂಲವಾದ ಫಲವನ್ನು ಕೊಟ್ಟಿತು. ಆಮೇಲಿನದು ‘ಮಾರ್ಸ್ 2’. ಶ್ವಾಸಕೋಶವನ್ನು ಉಳಿಸಿ ಪೊರೆಯನ್ನು ಮಾತ್ರ ತೆಗೆಯುವ ಕ್ರಮವನ್ನು ಒರೆಗೆ ಹಚ್ಚಲು 335 ಮಂದಿಯನ್ನು, ಅವರ ಒಪ್ಪಿಗೆಯಿಂದಲೇ, ಯದೃಚ್ಛೆಯಾಗಿ ಎರಡು ಪಾಲು ಮಾಡಿದರು. ಕಿಮೋಥೆರಪಿ ಎರಡೂ ಪಾಲಿಗೆ, ಶಸ್ತ್ರ ಒಂದಕ್ಕೆ ಮಾತ್ರ. 2024ರಲ್ಲಿ ಪ್ರಕಟವಾದ ಫಲದಂತೆ, ಶಸ್ತ್ರಕ್ಕೊಳಗಾದವರ ಮಧ್ಯಕ ಆಯುಸ್ಸು 19.3 ತಿಂಗಳು, ಒಳಗಾಗದವರದು 24.8.

ಮರಣದ ಹೊಸ್ತಿಲಲ್ಲಿರುವವನ ಚಿಕಿತ್ಸೆಯನ್ನು ಯದೃಚ್ಛೆಗೆ ಬಿಡುವುದು ನಿರ್ದಯವಲ್ಲವೇ? ದೇವರ ಮುಂದೆ ಹೂವಿನ ಪ್ರಸಾದ ಕೇಳುವವನು ತನ್ನ ನಿರ್ಧಾರವನ್ನು ಎಲ್ಲವನ್ನೂ ಬಲ್ಲವನಿಗೆ ಒಪ್ಪಿಸುತ್ತಾನೆ. ಇಲ್ಲಿ ಅಂಥ ಬಲ್ಲವನಾರೂ ಇಲ್ಲ, ವೈದ್ಯನ ಆಸೆಯು ಆರಿಸದಂತೆ ಅದರ ಕೈಯನ್ನು ಕಟ್ಟಿರುವುದಷ್ಟೆ. ಗೌತಮನ ನ್ಯಾಯದರ್ಶನವು ಹದಿನಾರು ಪದಾರ್ಥಗಳಲ್ಲಿ ಸಂಶಯಕ್ಕೆ ಮೂರನೆಯ ಸ್ಥಾನವನ್ನು ಕೊಟ್ಟು, ಸಂಶಯವಿಲ್ಲದೆಡೆಯಲ್ಲಿ ನಿರ್ಣಯವನ್ನು ಅರಸುವ ಅಗತ್ಯವನ್ನೇ ಕಾಣಲಿಲ್ಲ. ತಿಳಿಯದೆಯೂ ತಿಳಿದವನಂತೆ ಕೊಯ್ಯುವುದಕ್ಕಿಂತ ತಿಳಿಯದೆಂದು ಒಪ್ಪಿ ಪಾಲು ಮಾಡುವುದರಲ್ಲಿ ದಯೆ ಹೆಚ್ಚೆಂದೇ ನನ್ನ ಎಣಿಕೆ.

ನನಗೆ ತೊಡಕೆನಿಸುವುದು ಬೇರೊಂದು. ಇಂಥ ಪರೀಕ್ಷೆಗೆ ರೋಗಿಯೇ ಎಲ್ಲವನ್ನೂ ಅರಿತು ರುಜು ಹಾಕಬೇಕು. ನಮ್ಮಲ್ಲಾದರೋ ವಾರ್ಡಿನ ಹೊರಗೆ ಮಗನು ತಗ್ಗಿದ ದನಿಯಲ್ಲಿ “ಅಪ್ಪಯ್ಯಂಗ್ ಹೇಳುದ್ ಬ್ಯಾಡ, ಡಾಕ್ಟ್ರೇ” ಎಂದು ಬೇಡಿಕೊಳ್ಳುತ್ತಾನೆ. ಅವನದೂ ದಯೆಯೇ. ಆದರೆ ರೋಗದ ಹೆಸರನ್ನೇ ಕೇಳದ ತಂದೆಯು, ತನ್ನೆದೆಯನ್ನು ತೆರೆಯಬೇಕೋ ಬೇಡವೋ ಎಂಬ ಮಾತಿನಲ್ಲಿ ಪಾಲುಗಾರನಾಗುವುದೆಂತು?